ಸಾವಿನ ಮನೆಯಲ್ಲೊಂದು ಪ್ರೇಮಕಥೆ: ನಾನು ಬರೆದ ಬಗೆ

ಪ್ರೇಮ ಕಾದಂಬರಿ ಬರೀತಿದ್ದೀನಿ ಅಂದಾಗ ಚಿಕ್ಕಮಗಳೂರಿನ ಸ್ನೇಹಿತರೆಲ್ಲ ಹೇಳಿದ್ದು ಒಂದೇ ಮಾತು. ಮಂಜು ಇರಲಿ, ಕಾಫಿ ಹೂವು ಇರಲಿ, ಮುಳ್ಳಯ್ಯನಗಿರಿ ಮೇಲೆ ಒಂದು ಸೀನ್ ಇರಲಿ. ಮುಳ್ಳಯ್ಯನಗಿರಿಯನ್ನು ಪೂರ್ತಿ ಕೈಬಿಟ್ಟೆ. ಭಾನುವಾರ ಅಲ್ಲಿನ ಕಾರಿನ ಸಾಲು ನೋಡಿದವರು ಕಾರಣ ಕೇಳಲ್ಲ. ಹೂವನ್ನು ಮಾತ್ರ ಬಿಡಲಾಗಲಿಲ್ಲ. ಕಥೆ ಶುರುವಾಗೋದೇ ಅದರ ಲೆಕ್ಕದಿಂದ.

ಮೂಡಿಗೆರೆ ಕಡೆಯ ಒಂದು ಸಣ್ಣ ರೋಬಸ್ಟಾ ಕಾಫಿ ತೋಟ. ಫೆಬ್ರವರಿ ಕೊನೆ. ಕೊಯ್ಲು ಮುಗಿದಿದೆ, ಮೊಗ್ಗು ನೀರಿಗೆ ಕಾಯ್ತಿದೆ. ಆ ಹೊತ್ತಿಗೆ ಪವಿತ್ರಾಳ ಗಂಡ ಲೋಕೇಶ ತೀರಿಕೊಳ್ಳುತ್ತಾನೆ. ಆಗ ಹೂಮಳೆ ಬರಬೇಕು, ಇಲ್ಲಾಂದ್ರೆ ಸ್ಪ್ರಿಂಕ್ಲರ್ ಹಾಕಲೇಬೇಕು. ತಪ್ಪಿದರೆ ಮುಂದಿನ ಫಸಲಿಗೆ ಪೆಟ್ಟು. ಆದರೆ ಮನೆಯಲ್ಲಿ ಸೂತಕ, ಪಂಪ್ ಕಡೆ ಯಾರೂ ಹೋಗಿಲ್ಲ. ಪಕ್ಕದ ತೋಟದ ಮಧು ಯಾರನ್ನೂ ಕೇಳದೆ ಬಂದು ಪೈಪ್ ಜೋಡಿಸಿ ನೀರು ಹಾರಿಸುತ್ತಾನೆ. ನೀರು ಬಿದ್ದ ಎಂಟು ಹತ್ತು ದಿನಕ್ಕೆ ಕಾಫಿ ಅರಳುತ್ತದೆ. ಹನ್ನೊಂದನೇ ದಿನದ ತಿಥಿಗೆ ನೆಂಟರು ಬಂದು ಇಳಿಯುವಾಗ ಇಡೀ ತೋಟ ಬೆಳ್ಳಗೆ, ಅಂಗಳದ ತುಂಬ ಘಮ. ಪವಿತ್ರಾಗೆ ಮೈಯೆಲ್ಲ ಉರಿಯುತ್ತದೆ. ಎದ್ದು ಹೋಗಿ ಕಿಟಕಿ ಹಾಕುತ್ತಾಳೆ. ಮಧು ಮೇಲೆ ಅವಳಿಗೆ ಮೊದಲು ಬಂದದ್ದು ಸಿಟ್ಟು.

ಹೂವಿಗೆ ಕೊಟ್ಟದ್ದು ಅಷ್ಟೇ ಜಾಗ. ಪೈಪನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬದಲಿಸೋದಕ್ಕೆ ಜಾಸ್ತಿ ಪುಟ ಹೋಯಿತು. ಸ್ಪ್ರಿಂಕ್ಲರ್ ಟಕ್ ಟಕ್ ಅಂತ ತಿರುಗುತ್ತಾ ಹೋಗಿ ಸರ್ರನೆ ವಾಪಸ್ ಬರುವ ಸದ್ದು ತೋಟದ ಮನೆಯವರಿಗೆ ನಿದ್ದೆಯಲ್ಲೂ ಕೇಳುತ್ತೆ. ಅದು ನಿಂತರೆ ಎಚ್ಚರ ಆಗುತ್ತೆ. ಇಷ್ಟು ವರ್ಷ ಸದ್ದು ನಿಂತಿತು ಅಂದರೆ ಲೋಕೇಶ ಪೈಪ್ ಬದಲಿಸ್ತಿದ್ದಾನೆ ಅಂತ ಅರ್ಥ, ಇನ್ನು ಕಾಲು ತೊಳೆದು ಬಂದು ಮಲಗುತ್ತಾನೆ. ಈಗಲೂ ಸದ್ದು ನಿಲ್ಲುತ್ತದೆ. ಅವಳಿಗೆ ಎಚ್ಚರವಾಗುತ್ತದೆ. ಹೊರಗೆ ಟಾರ್ಚ್ ಬೆಳಕು ಓಡಾಡುತ್ತದೆ. ಬಾಗಿಲು ಮಾತ್ರ ಯಾರೂ ತಟ್ಟಲ್ಲ. ಪ್ರೀತಿ, ದುಃಖ ಎರಡನ್ನೂ ಒಂದೇ ಸೀನ್‌ನಲ್ಲಿ ತರೋದು ಹೇಗೆ ಅಂತ ಒದ್ದಾಡ್ತಿದ್ದ ನನಗೆ ದಾರಿ ಸಿಕ್ಕಿದ್ದು ಅಲ್ಲಿ.

ಸ್ವಲ್ಪ ಓದಿಕೊಂಡೂ ಇದ್ದೆ. ದುಃಖಕ್ಕೆ ಐದು ಹಂತ ಅಂತ ಎಲ್ಲರೂ ಹೇಳ್ತಾರಲ್ವಾ, ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಕೊನೆಗೆ ಒಪ್ಪಿಕೊಳ್ಳೋದು. ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಅದನ್ನು ಬರೆದದ್ದು ಸಾವಿನ ಹತ್ತಿರ ಇದ್ದ ರೋಗಿಗಳ ಜೊತೆ ಮಾತಾಡಿ. ಹಿಂದೆ ಉಳಿದವರಿಗೆ ಅದನ್ನು ಅಂಟಿಸಿದ್ದು ಆಮೇಲೆ. ಕಾದಂಬರಿಗೆ ಆ ಐದು ಮೆಟ್ಟಿಲು ತುಂಬ ಅನುಕೂಲ, ಐದು ಭಾಗ ಮಾಡಿ ಮುಗಿಸಬಹುದು. ಅದಕ್ಕೇ ನನಗೆ ಅನುಮಾನ ಬಂತು. ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ 1999ರಲ್ಲಿ ಬೇರೆ ಥರ ಹೇಳಿದ್ದಾರೆ. ದುಃಖದಲ್ಲಿರುವವರು ಹೋದವರ ನೆನಪಿಗೂ ಮುಂದಿನ ಬದುಕಿನ ಕೆಲಸಕ್ಕೂ ನಡುವೆ ಹೋಗಿ ಬರುತ್ತಾ ಇರುತ್ತಾರಂತೆ, ಒಂದೇ ದಿನದಲ್ಲಿ ಹಲವು ಸಲ. ನಾನು ಕಂಡ ಮನೆಗಳಲ್ಲಿ ನಡೆದದ್ದೂ ಅದೇ. ಹಾಗಾಗಿ ಪ್ರತಿ ಅಧ್ಯಾಯದಲ್ಲೂ ಅವಳ ಕೈಗೆ ಒಂದು ಕೆಲಸ ಕೊಟ್ಟೆ.

ಕೆಲಸಕ್ಕೇನು ಬರ! 21 ದಿನದೊಳಗೆ ಮರಣ ನೋಂದಣಿ. ಆಮೇಲೆ ವಂಶವೃಕ್ಷ, ಪೌತಿ ಖಾತೆ (ಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸೋದು), ಬ್ಯಾಂಕು. ತಾಲೂಕು ಕಚೇರಿಯ ಅಧ್ಯಾಯ ಬೋರು, ತೆಗೆದುಬಿಡು ಅಂತ ಇಬ್ಬರು ಹೇಳಿದರು. ನಾನು ತೆಗೆಯಲಿಲ್ಲ. ಪೌತಿ ಖಾತೆ ಬೇಗ ಆಗಲಿ ಅಂತ ಓಡಾಡಿದವಳು ಅವಳೇ. ಜಮೀನಿನ ಹೊಸ ಪಹಣಿ ಕೈಗೆ ಬಂದಾಗ ಮಾಲೀಕರ ಹೆಸರು ಬರೆಯುವ 9ನೇ ಕಾಲಂನಲ್ಲಿ ಲೋಕೇಶನ ಹೆಸರಿಲ್ಲ, ಅವಳ ಹೆಸರಿದೆ. ಕೇಳಿದ್ದೇ ಸಿಕ್ಕಿದೆ. ಆದರೂ ಜೆರಾಕ್ಸ್ ಅಂಗಡಿಯವನ ಹತ್ತಿರ ಹಳೇ ಪಹಣಿ ಕೊಟ್ಟು ಇದರದ್ದೂ ಎರಡು ಕಾಪಿ ಮಾಡಿ ಅನ್ನುತ್ತಾಳೆ. ಜೊತೆಗೆ ಬಂದಿದ್ದ ಮಧು ಯಾಕೆ ಅಂತ ಕೇಳಲ್ಲ, ದುಡ್ಡು ಕೊಡುತ್ತಾನೆ. ನನ್ನ ಪ್ರಕಾರ ಕಾದಂಬರಿಯ ಪ್ರೇಮ ನಿವೇದನೆ ಅದು.

ನಮ್ಮ ಕಡೆ ಪ್ರೇಮಕಥೆ ಬರೆಯುವವರಿಗೆ ಇನ್ನೊಂದು ಫಜೀತಿ ಇದೆ. ಪಕ್ಕದ ತೋಟದವನನ್ನು ಪವಿತ್ರಾ ಮಧಣ್ಣ ಅಂತಾನೇ ಕರೆಯಬೇಕು. ಅಣ್ಣ ಅಂದವನ ಜೊತೆ ಪ್ರೀತಿ ಮಾಡಿಸೋದು ಹೇಗೆ? ಕೊನೆಗೆ ಅವನನ್ನು ಕರೆಯೋದನ್ನೇ ನಿಲ್ಲಿಸಿಬಿಟ್ಟಳು. 'ಸ್ವಲ್ಪ ನಿಲ್ತೀರಾ', 'ಕಾಫಿ ಇಟ್ಟಿದ್ದೀನಿ', ಅಷ್ಟೇ. ಅದನ್ನು ಗಮನಿಸೋದು ಅತ್ತೆ ಒಬ್ಬರೇ.

ಪ್ರಕಾಶಕರು ಕೊನೆಗೆ ಮದುವೆ ಕೇಳಿದರು. ನಾನು ಪಿತೃಪಕ್ಷ ಕೊಟ್ಟೆ. ಮಹಾಲಯ ಅಮಾವಾಸ್ಯೆಗೆ ಲೋಕೇಶನಿಗೆ ಎಡೆ. ಬಾಳೆಲೆ ಮೇಲೆ ಕಡುಬು, ಕೋಳಿ ಸಾರು, ಪಕ್ಕದಲ್ಲಿ ಅವನ ಬ್ರಾಂದಿ. ಎಡೆ ಇಟ್ಟು ಬಾಗಿಲು ಎಳೆದುಕೊಂಡು ಎಲ್ಲರೂ ಜಗಲಿಗೆ ಬಂದಾಗ ಮಧು ಗೇಟಿನ ಹತ್ತಿರ ನಿಂತಿರುತ್ತಾನೆ. ಅತ್ತೆ ಕೂಗುತ್ತಾರೆ, 'ಅಲ್ಲೇನ್ ನಿಂತಿದ್ದೀಯ ಮಾರಾಯ, ಬಾ. ಅವ್ನು ಉಂಡಾದ್ಮೇಲೆ ನಾವೂ ಉಣ್ಬೇಕಲ್ಲ.' ಹೋದವನಿಗೂ ಬಂದವನಿಗೂ ಒಂದೇ ಮನೆಯಲ್ಲಿ ಊಟ. ಒಬ್ಬನನ್ನು ಮರೆತ ಮೇಲೇ ಇನ್ನೊಬ್ಬ ಅನ್ನೋ ಕಥೆ ನನಗೆ ಬೇಕಿರಲಿಲ್ಲ.

ಅಚ್ಚಿಗೆ ಕೊಡುವ ಮೊದಲು, ಗಂಡನನ್ನು ಕಳೆದುಕೊಂಡು ತೋಟ ನಡೆಸುತ್ತಿರುವ ಪರಿಚಯದ ಅಕ್ಕ ಒಬ್ಬರಿಗೆ ಓದಲು ಕೊಟ್ಟೆ. ಪವಿತ್ರಾ ಅಳುವ ಕಡೆಯೆಲ್ಲ ಪೆನ್ಸಿಲ್ ಗೀಟು. 'ಇಷ್ಟು ಅಳೋಕೆ ಪುರುಸೊತ್ತು ಎಲ್ಲಿತ್ತು?' ಅಂದರು. ಮುಕ್ಕಾಲು ಅಳು ತೆಗೆದೆ. ಎಡೆಯ ಪುಟದಲ್ಲಿ ಅವರ ತಕರಾರು ಒಂದೇ. 'ಬಾಟಲಿ ಹಾಗೇ ಇಟ್ಟಿದ್ದೀಯಲ್ಲೇ. ಮುಚ್ಚಳ ತೆಗೆದು ಲೋಟಕ್ಕೆ ಬಗ್ಗಿಸಿ ಇಡ್ಸು. ನಮ್ಮವ್ರಿಗೆ ನೀರೂ ಬೆರೆಸ್ತೀನಿ ನಾನು.' ಬಗ್ಗಿಸಿ ಇಡಿಸಿದೆ, ನೀರು ಬೆರೆಸಿ.