ಹಳೇ ತಂತ್ರಾಂಶಕ್ಕೆ ನೋ ಡ್ಯೂ ಕೊಟ್ಟಿದ್ದು

ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಮೂರು ಹಳೇ ತಂತ್ರಾಂಶಗಳಿದ್ದವು. ಕನ್ನಡ ಪುಸ್ತಕಗಳ ಸೂಚಿಗೆ ಯುನೆಸ್ಕೋದ ವಿನ್‌ಐಸಿಸ್, ಪುಸ್ತಕ ಎರವಲು ಕೊಡಲು ದುಡ್ಡು ಕೊಟ್ಟು ತಂದ ಒಂದು ಪ್ಯಾಕೇಜು, ಪಿಎಚ್‌ಡಿ ಪ್ರಬಂಧಗಳಿಗೆ ಯಾರೋ ಮಾಡಿಟ್ಟ ಆಕ್ಸೆಸ್ ಫೈಲು. ಎಲ್ಲವನ್ನೂ ಕೋಹಾ ಎಂಬ ಮುಕ್ತ ಗ್ರಂಥಾಲಯ ತಂತ್ರಾಂಶಕ್ಕೆ ತರುವುದೆಂದಾಯಿತು. ಯಾವುದನ್ನು ಯಾವಾಗ ನಿಲ್ಲಿಸುವುದೆಂದು ನೋಡುವ ಕೆಲಸ ನನ್ನ ತಲೆಗೆ ಬಂತು.

"ಆ ಪ್ಯಾಕೇಜನ್ನ ಈಗ ಯಾರೂ ಮುಟ್ಟಲ್ಲ ಮೇಡಂ" ಅಂದರು ಕೌಂಟರಿನವರು. ನಂಬದೆ ಪ್ರತಿ ಕಂಪ್ಯೂಟರಿನ ಪಕ್ಕ ಒಂದೊಂದು ನೋಟ್‌ಬುಕ್ಕು ಇಟ್ಟೆ. ತೆರೆದಾಗಲೆಲ್ಲ ಯಾಕೆಂದು ಒಂದು ಸಾಲು ಬರೆಯಬೇಕು. ತಿಂಗಳಲ್ಲಿ, ಯಾರೂ ಮುಟ್ಟದ ಪ್ಯಾಕೇಜಿನ ಪುಸ್ತಕ ಹನ್ನೊಂದು ಪುಟ ತುಂಬಿತ್ತು. ಸಾಲುಸಾಲಿಗೂ ಒಂದೇ ಮಾತು: ನೋ ಡ್ಯೂ, ಅಂದರೆ ಬಾಕಿ ಇಲ್ಲವೆಂಬ ಪತ್ರ. ಓದು ಮುಗಿಸಿ ಹೋದವರ ಬಾಕಿ ಇದ್ದದ್ದು ಅದರಲ್ಲೇ! ಪ್ರಬಂಧಗಳ ಫೈಲು ಮಾತ್ರ ಒಮ್ಮೆಯೂ ತೆರೆದಿರಲಿಲ್ಲ, ಬಹುಪಾಲು ಶೋಧಗಂಗಾ ಎಂಬ ಪ್ರಬಂಧಗಳ ಜಾಲತಾಣದಲ್ಲಿ ಸಿಗುತ್ತಿತ್ತು.

ಗೋಳು ಹುಯ್ದುಕೊಂಡದ್ದು ಕನ್ನಡ ಸೂಚಿ. ದಾಖಲೆಗಳನ್ನು ಐಎಸ್‌ಒ 2709 ಎಂಬ ವಿನಿಮಯ ರೂಪದಲ್ಲಿ ಹೊರತೆಗೆದು, ಗ್ರಂಥಾಲಯ ದಾಖಲೆಗಳ ಮಾದರಿಯಾದ ಮಾರ್ಕ್ 21ಕ್ಕೆ ಹೊಂದಿಸುವುದು, ಲೇಖಕರು 100 ಎಂಬ ಅಂಕಣಕ್ಕೆ, ಶೀರ್ಷಿಕೆ 245ಕ್ಕೆ, ಎರಡು ದಿನದಲ್ಲಿ ಮುಗಿಯಿತು. ಆದರೆ ಟೈಪು ಮಾಡಿದ್ದು ಯೂನಿಕೋಡ್ ಬರುವ ಮುಂಚಿನ ಫಾಂಟಿನಲ್ಲಿ. ಕೋಹಾದಲ್ಲಿ ನೋಡಿದರೆ 'ನ' ಇದ್ದಲ್ಲೆಲ್ಲ ಪೌಂಡಿನ ಗುರುತು. ನಾನು ಬರೆದ ಪುಟ್ಟ ಪ್ರೋಗ್ರಾಮು (ಸ್ಕ್ರಿಪ್ಟು) ಅದನ್ನು ಸರಿಮಾಡಿ ಅರ್ಕಾವತ್ತಿನಲ್ಲಿ ಮುಗ್ಗರಿಸಿತು. ಹಳೇ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ಹಿಂದೆ ಕೂರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರದಂತೆ ಮುಂದೆ. ಹೀಗಾಗಿ ಕರ್ನಾಟಕ 'ಕನಾರ್ಟಕ' ಆಯಿತು, ಧರ್ಮ 'ಧಮರ್' ಆಯಿತು. "ಧಮರ್ ಅಂದ್ರೆ ಯಾವ ಊರಿನ ಕವಿ?" ಎಂದು ಪ್ರಾಧ್ಯಾಪಕರೊಬ್ಬರು ನಗೆಯಾಡಿದರು. ಸ್ಕ್ರಿಪ್ಟು ತಿದ್ದಿ, ಅರ್ಕಾವತ್ತಿರುವ ದಾಖಲೆಗಳನ್ನಷ್ಟೇ ಬೇರ್ಪಡಿಸಿ ಬಂದ ಪುಸ್ತಕಗಳನ್ನೆಲ್ಲ ಬರೆದಿಡುವ ಅಕ್ಸೆಶನ್ ರಿಜಿಸ್ಟರಿನೊಂದಿಗೆ ತಾಳೆ ನೋಡಿದೆವು.

ಇನ್ನೊಂದು ತಪ್ಪೂ ನನ್ನದೇ. ಬಾಕಿ ಪಟ್ಟಿಯನ್ನು ಸ್ಪ್ರೆಡ್‌ಶೀಟಿನಲ್ಲಿ ತೆರೆದು ಹಾಗೆಯೇ ಸೇವ್ ಮಾಡಿದೆ. ಸದಸ್ಯ ಸಂಖ್ಯೆಗಳ ಮುಂದಿನ ಸೊನ್ನೆಗಳು ಹಾರಿಹೋಗಿ, 0412 ಮತ್ತು 412 ಒಂದಾಗಿ, ಒಬ್ಬನ ದಂಡ ಇನ್ನೊಬ್ಬಳ ಹೆಸರಿಗೆ ಬಿತ್ತು. ಹಳೇ ಪ್ಯಾಕೇಜನ್ನು ಹೊಸ ಎಂಟ್ರಿ ನಿಲ್ಲಿಸಿ ಓದಲು ಮಾತ್ರ ಒಂದು ಸೆಮಿಸ್ಟರ್ ಉಳಿಸಿಕೊಂಡಿದ್ದರಿಂದ ಬಚಾವಾದೆ.

ನೋಟ್‌ಬುಕ್ಕು ಸತತ ನಾಲ್ಕು ವಾರ ಖಾಲಿ ಉಳಿದ ಮೇಲೆ, ಡೇಟಾದ ಎರಡು ಪ್ರತಿ ಬೇರೆಬೇರೆ ಕಟ್ಟಡದಲ್ಲಿಟ್ಟು ಪ್ಲಗ್ ತೆಗೆದೆವು. ಸಾಮಾನುಗಳ ಲೆಕ್ಕವಿಡುವ ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಕಂಪ್ಯೂಟರಿಗೆ ಕಾಲಂ ಇತ್ತು, ತಂತ್ರಾಂಶಕ್ಕಿರಲಿಲ್ಲ. ಷರಾ ಕಾಲಂನಲ್ಲಿ ಬರೆದು ಸಹಿ ಹಾಕಿದೆ. ಆ ಪ್ಯಾಕೇಜಿನ ಜೊತೆಗಿದ್ದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನು ಪರೀಕ್ಷಾ ವಿಭಾಗದವರು ಕೇಳಿ ಒಯ್ದರು.