ಸ್ಮಾರ್ಟ್ ಮೀಟರ್ ಡಿಸ್ಪ್ಲೇ ಕೈಕೊಟ್ಟಾಗ ನಾನು ಮಾಡಿದ್ದು

ನಾವಿರೋದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಸ್ಮಾರ್ಟ್ ಮೀಟರ್ ಜೊತೆ ಕೊಡೋ, ಕರೆಂಟು-ಗ್ಯಾಸು ಎಷ್ಟು ಖರ್ಚಾಯ್ತು ಅಂತ ತೋರಿಸೋ ಪುಟ್ಟ ಎನರ್ಜಿ ಡಿಸ್ಪ್ಲೇನ ಅಡುಗೆಮನೇಲಿಟ್ಟಿದ್ವಿ, ಅದ್ರಲ್ಲಿ ಮೂರು ದಿನದಿಂದ ಲೆಕ್ಕಾನೇ ಬರ್ತಿರ್ಲಿಲ್ಲ, ಚಳಿಗಾಲ ಬೇರೆ, ಬಿಲ್ ಎಷ್ಟಾಗುತ್ತೋ ಅಂತ ಹೀಟಿಂಗ್ ಹಾಕೋಕೂ ಭಯ ಆಗ್ತಿತ್ತು. ಆಮೇಲೆ ಗೊತ್ತಾಯ್ತು, ಡಿಸ್ಪ್ಲೇ ಕೆಟ್ರೂ ಮೀಟರ್ ತನ್ನ ಪಾಡಿಗೆ ಲೆಕ್ಕ ಇಡ್ತಾನೇ ಇರುತ್ತೆ. ಮೀಟರ್ ಹತ್ರಾನೇ ಹೋಗಿ ರೀಡಿಂಗ್ ಬರ್ಕೊಂಡೆ, ಜೀವಕ್ಕೆ ಸಮಾಧಾನ ಆಯ್ತು.

ಈ ಡಿಸ್ಪ್ಲೇ ಮೀಟರ್ ಜೊತೆ ಮಾತಾಡೋದು ಮನೆ ವೈಫೈ ಮೂಲಕ ಅಲ್ಲ, ಜಿಗ್‌ಬೀ ಅನ್ನೋ ರೇಡಿಯೋ ಸಿಗ್ನಲ್‌ನಲ್ಲಿ, ಮಧ್ಯೆ ದಪ್ಪ ಗೋಡೆ ಬಂದ್ರೆ ಸಿಗ್ನಲ್ ಬಿದ್ದೋಗುತ್ತೆ. ನಾನು ಹಿಂದಿನ ವಾರ ಕ್ಲೀನ್ ಮಾಡುವಾಗ ಅದನ್ನ ತೆಗೆದು ಮೈಕ್ರೋವೇವ್ ಹಿಂದೆ ಮೂಲೇಲಿ ಇಟ್ಬಿಟ್ಟಿದ್ದೆ. ಆಫ್ ಮಾಡಿ, ಪ್ಲಗ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಮೀಟರ್ ಪಕ್ಕದಲ್ಲೇ ಆನ್ ಮಾಡ್ದೆ, ಕರೆಂಟ್ ಲೆಕ್ಕ ಬಂತು! ಗ್ಯಾಸ್ ಮಾತ್ರ ಬರ್ಲಿಲ್ಲ, ಗಾಬರಿಯಾಗ್ಬೇಡಿ, ಗ್ಯಾಸ್ ಮೀಟರ್ ಬ್ಯಾಟರೀಲಿ ಓಡೋದ್ರಿಂದ ಅರ್ಧ ಗಂಟೆಗೊಂದ್ಸಲ ಮಾತ್ರ ಕಳಿಸುತ್ತೆ, ಕಾದೆ, ಅದೂ ಬಂತು.

ಈಗ ಹಾಲ್‌ನಲ್ಲಿಟ್ಟಿದೀನಿ, ಸರಿಯಾಗಿದೆ. ನಿಮ್ಮದು ಹೀಗೆ ಮಾಡಿದ್ರೂ ಬರ್ಲಿಲ್ಲ, ಮೀಟರ್ ಹಾಕ್ಸಿ ಇನ್ನೂ 12 ತಿಂಗಳು ಆಗಿಲ್ಲ ಅಂದ್ರೆ ಸಪ್ಲೈಯರ್‌ನ, ಅಂದ್ರೆ ಕರೆಂಟ್-ಗ್ಯಾಸ್ ಕೊಡೋ ಕಂಪನೀನ ಕೇಳಿ, ಅವ್ರು ದುಡ್ಡಿಲ್ದೆ ಸರಿಮಾಡ್ಬೇಕು ಇಲ್ಲ ಬದಲಾಯಿಸ್ಬೇಕು.