ತಂಗುದಾಣದಿಂದ ಬಾಡಿಗೆ ಮನೆಗೆ: ಅಡ್ವಾನ್ಸ್ ನಿಧಿ ಕಟ್ಟಿದ ಅನುಭವ

ಬೆಂಗಳೂರಿನ ಮಾರುಕಟ್ಟೆ ಪ್ರದೇಶದಲ್ಲಿ ನಮ್ಮ ಸಣ್ಣ ಟ್ರಸ್ಟ್ ಮನೆಯಿಲ್ಲದವರಿಗಾಗಿ ನಡೆಸುವ ರಾತ್ರಿ ತಂಗುದಾಣದ ಹಾಜರಿ ಪುಸ್ತಕದಲ್ಲಿ ಎರಡು ವರ್ಷಗಳಿಂದ ಅವೇ ಹೆಸರುಗಳು ಮರಳಿ ಮರಳಿ ಬರುತ್ತಿದ್ದುದು ನನ್ನನ್ನು ಕಾಡುತ್ತಿತ್ತು. ಅವರೆಲ್ಲ ಹಮಾಲಿ ಕೆಲಸವನ್ನೋ ಹೋಟೆಲ್ ಕೆಲಸವನ್ನೋ ಮಾಡಿ ದುಡಿಯುತ್ತಿದ್ದವರು. ಮೂರು ನಾಲ್ಕು ಜನ ಸೇರಿದರೆ ತಿಂಗಳ ಬಾಡಿಗೆ ಕಟ್ಟುವ ಶಕ್ತಿ ಇತ್ತಾದರೂ, ಈ ಊರಿನ ರೂಢಿಯಂತೆ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಆಗಿ ಒಮ್ಮೆಗೇ ಹೊಂದಿಸುವುದು ಅವರಲ್ಲಿ ಯಾರಿಂದಲೂ ಸಾಧ್ಯವಿರಲಿಲ್ಲ.

ಒಂದು ಲಕ್ಷ ಜನಸಂಖ್ಯೆಗೆ ನೂರು ಜನರಿಗಾಗುವಷ್ಟು ಆಶ್ರಯ ಇರಬೇಕೆಂಬ ತತ್ವವು ಸುಪ್ರೀಂ ಕೋರ್ಟಿನ 2010ರ ಆದೇಶಗಳಿಂದ ಬಂದು, 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಲ್ಲಿ ಸೇರಿತು. ಆ ಮಾರ್ಗಸೂಚಿಯಲ್ಲಿ 50 ಜನರ ತಂಗುದಾಣದ ನಿರ್ವಹಣೆಗೆ ನಿಗದಿಯಾಗಿದ್ದುದು ವರ್ಷಕ್ಕೆ 6 ಲಕ್ಷ ರೂಪಾಯಿ, ಅಂದರೆ ಒಬ್ಬರಿಗೆ ತಿಂಗಳಿಗೆ 1,000 ರೂಪಾಯಿ. ಮೇಲ್ವಿಚಾರಕರ ಸಂಬಳ, ನೀರು, ವಿದ್ಯುತ್, ಹಾಸಿಗೆ ಹೊದಿಕೆಗಳಿಗೆ ಅದನ್ನು ಹೇಗೋ ಸರಿದೂಗಿಸಬಹುದಿತ್ತು. ತಂಗುದಾಣ ಬಿಟ್ಟು ಹೊರಡುವವನ ಕೈಗೆ ಕೊಡಲು ಅದರಲ್ಲಿ ಏನೂ ಉಳಿಯುತ್ತಿರಲಿಲ್ಲ.

ಅಡ್ವಾನ್ಸಿನ ಹಣ ಕೇಳಲು ಮೊದಲು ನಾವು ಕಂಪನಿಗಳ ಬಳಿ ಹೋದೆವು. 2013ರ ಕಂಪನಿ ಕಾಯ್ದೆಯ 135ನೆಯ ಸೆಕ್ಷನ್ನಿನಂತೆ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ವ್ಯಯಿಸಬೇಕು. ಕಂಬಳಿ ಮತ್ತು ಊಟಕ್ಕೆ ಬೇಗ ಒಪ್ಪಿದ ಒಂದು ಕಂಪನಿಯವರು, ಅಡ್ವಾನ್ಸ್ ಹಣ ಮನೆಮಾಲೀಕರಿಂದ ಹಿಂದಿರುಗಿ ಬರುವಂಥದ್ದಾದ್ದರಿಂದ ಅದನ್ನು ಖರ್ಚೆಂದು ತೋರಿಸಲಾಗದು ಎಂದು ನಮ್ಮ ಪ್ರಸ್ತಾವವನ್ನು ವಾಪಸು ಕಳಿಸಿದರು. ಅವರ ಲೆಕ್ಕಪರಿಶೋಧಕರ ಆಕ್ಷೇಪದಲ್ಲಿ ಅರ್ಥವಿತ್ತು. ಆಮೇಲೆ ನಾವು ಬೇಡಿಕೆಯನ್ನೇ ಎರಡು ಭಾಗ ಮಾಡಿದೆವು: ಮೊದಲ ತಿಂಗಳುಗಳ ಬಾಡಿಗೆ, ಪಾತ್ರೆ ಪಡಗ ಹಾಗೂ ಸಮಾಜ ಕಾರ್ಯಕರ್ತೆಯ ಸಂಬಳವನ್ನು ಕಂಪನಿಗಳಿಂದ, ಸಾಧ್ಯವಾದಲ್ಲಿ ಒಂದಕ್ಕಿಂತ ಹೆಚ್ಚು ವರ್ಷಕ್ಕೆ ಕೇಳುವುದು, ಅಡ್ವಾನ್ಸ್ ಹಣವನ್ನು ಮಾತ್ರ ವ್ಯಕ್ತಿಗಳಿಂದ ಮೂಲನಿಧಿಯಾಗಿ ಪಡೆಯುವುದು. ನಿವೃತ್ತ ಶಿಕ್ಷಕರು, ಬ್ಯಾಂಕ್ ನೌಕರರು, ಮಾರುಕಟ್ಟೆಯ ಇಬ್ಬರು ಸಗಟು ವ್ಯಾಪಾರಿಗಳು ಕೊಟ್ಟರು. ಒಬ್ಬರು ಕೊಟ್ಟ ಹಣ ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗುತ್ತಲೇ ಇರುತ್ತದೆಂಬುದನ್ನು ಅವರಿಗೆ ವಿವರಿಸುವುದು ಕಷ್ಟವಾಗಲಿಲ್ಲ, ಏಕೆಂದರೆ ಅವರಲ್ಲಿ ಹೆಚ್ಚಿನವರು ತಾವೇ ಬಾಡಿಗೆ ಮನೆಗಳಲ್ಲಿ ಬದುಕಿದವರಾಗಿದ್ದರು.

ವಠಾರವೊಂದರಲ್ಲಿ ನಾವು ನೋಡಿದ ಮೊದಲ ಮನೆಗೆ ತಿಂಗಳಿಗೆ 7,000 ಬಾಡಿಗೆ, 70,000 ಅಡ್ವಾನ್ಸ್ ಕೇಳಿದರು; ಹನ್ನೊಂದು ತಿಂಗಳ ಕರಾರಿಗೆ ಟ್ರಸ್ಟೇ ಸಹಿ ಹಾಕಿ ಬಾಡಿಗೆಯ ಹೊಣೆ ಹೊತ್ತಿದ್ದರಿಂದ ಅಡ್ವಾನ್ಸ್ 50,000ಕ್ಕೆ ಇಳಿಯಿತು. ಅಲ್ಲಿ ಹೋಗಿ ನೆಲೆಸಿದ ನಾಲ್ವರು ಮೊದಲ ಮೂರು ತಿಂಗಳು ಬಾಡಿಗೆ ಕೊಡಲಿಲ್ಲ, ಬದಲಿಗೆ ತಮ್ಮ ತಮ್ಮ ಬ್ಯಾಂಕ್ ಖಾತೆಗೆ ಉಳಿತಾಯ ಕಟ್ಟಿದರು. ಖಾತೆ ತೆರೆಯಲೆಂದು ಆಧಾರ್ ಮಾಡಿಸುವುದಕ್ಕೇ ಇಬ್ಬರಿಗೆ ಆರು ವಾರ ಹಿಡಿಯಿತು. ನಾಲ್ಕನೆಯ ತಿಂಗಳಿಂದ ಅರ್ಧ ಬಾಡಿಗೆ, ಏಳನೆಯದರಿಂದ ಪೂರ್ತಿ.

ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಮನೆ ಬಿಡುವಾಗ ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವ ವಾಡಿಕೆಯನ್ನು ಬಲ್ಲವನಾಗಿಯೂ ನಿಧಿಯ ಲೆಕ್ಕದಲ್ಲಿ ಸೇರಿಸಿರಲಿಲ್ಲ. ಮೊದಲ ಮನೆಯಿಂದ 43,000 ಮಾತ್ರ ಮರಳಿತು. ಹೀಗೆ ಪ್ರತಿ ಸುತ್ತಿನಲ್ಲೂ ಕರಗಿದರೆ ಕೆಲವೇ ವರ್ಷಗಳಲ್ಲಿ ನಿಧಿ ಬರಿದಾಗುತ್ತದೆ. ಈಗ ಪ್ರತಿ ಮನೆಗೆ ಒಂದು ತಿಂಗಳ ಬಾಡಿಗೆಯಷ್ಟನ್ನು ದುರಸ್ತಿಯ ಹೆಸರಿನಲ್ಲಿ ಮೊದಲೇ ಕಂಪನಿಗಳ ಅನುದಾನದಲ್ಲಿ ಕೇಳುತ್ತೇವೆ.

ಆ ಮೊದಲ ನಾಲ್ವರಲ್ಲಿ ಇಬ್ಬರು ತಮ್ಮ ಉಳಿತಾಯದಿಂದಲೇ ಅಡ್ವಾನ್ಸ್ ಕಟ್ಟಿ, ತಮ್ಮ ಹೆಸರಿನಲ್ಲೇ ಕರಾರು ಮಾಡಿಕೊಂಡು ಯಶವಂತಪುರದ ಕಡೆ ಹೋದರು. ಒಬ್ಬರು ಊರಿಗೆ ಮರಳಿದರು. ಇನ್ನೊಬ್ಬರು ಮತ್ತೆ ತಂಗುದಾಣಕ್ಕೆ ಬಂದಿದ್ದಾರೆ, ಅವರ ಉಳಿತಾಯ ಖಾತೆಯನ್ನು ನಾವು ಮುಚ್ಚಿಸಿಲ್ಲ. ಮರಳಿದ 43,000ಕ್ಕೆ ಹೊಸ ದೇಣಿಗೆಯನ್ನು ಸೇರಿಸಿ, ತಂಗುದಾಣದ ಮೂವರು ಮಹಿಳೆಯರಿಗೆ ಮನೆ ಹುಡುಕುತ್ತಿದ್ದೇವೆ.